ಘಟ್ಟದ ಹುಡುಗ, ಬಯಲಿನ ಓಟ: ಒಬ್ಬ ಟೈಮ್ ಟ್ರಯಲ್ ಸವಾರನ ಪ್ರಕರಣ

ಮೊದಲು ಎರಡು ಅಂಕಿ ಹೇಳಿಬಿಡುತ್ತೇನೆ. 58 ನಿಮಿಷ 10 ಸೆಕೆಂಡ್. 55 ನಿಮಿಷ 25 ಸೆಕೆಂಡ್. ಎರಡೂ 40 ಕಿ.ಮೀ. ದೂರದ ಸಮಯ. ಬಯಲುಸೀಮೆಯ ಒಂದೇ ನೇರ ರಸ್ತೆ, ಒಬ್ಬನೇ ಹುಡುಗ, ನಡುವೆ ಒಂದು ವರ್ಷ. ಆ ಒಂದು ವರ್ಷದಲ್ಲಿ ಅವನ ಕಾಲಿನ ಬಲ ಹೆಚ್ಚುಕಮ್ಮಿ ಇದ್ದಷ್ಟೇ ಇತ್ತು. ಹಾಗಾದರೆ ಈ ಎರಡು ಮುಕ್ಕಾಲು ನಿಮಿಷ ಎಲ್ಲಿಂದ ಬಂತು? ಈ ಪ್ರಕರಣ ಬರೆಯಲು ಕೂತಿದ್ದು ಅದನ್ನು ಹೇಳೋದಕ್ಕೆ.

ನಾನು ಶಿವಮೊಗ್ಗದಲ್ಲಿ ಬೆಳಗಿನ ಹೊತ್ತು ಏಳೆಂಟು ಹುಡುಗರಿಗೆ ಸೈಕಲ್ ರೇಸಿನ ತರಬೇತಿ ಕೊಡುತ್ತೇನೆ. ಈ ಹುಡುಗ ತೀರ್ಥಹಳ್ಳಿ ತಾಲೂಕಿನವನು. ಮನೆಯಲ್ಲಿ ಅಡಿಕೆ ತೋಟ. ಡಿಗ್ರಿ ಓದಲು ಶಿವಮೊಗ್ಗಕ್ಕೆ ಬಂದು ಸೋದರಮಾವನ ಮನೆಯಲ್ಲಿದ್ದ. ಹೆಸರು ಬೇಡ ಅಂದಿದ್ದಾನೆ, ಹಾಗಾಗಿ ಹುಡುಗ ಅಂತಲೇ ಬರೆಯುತ್ತೇನೆ. ನನ್ನ ಹತ್ತಿರ ಬಂದಾಗ ವಯಸ್ಸು 19, ಎತ್ತರ 185 ಸೆಂ.ಮೀ., ತೂಕ 78 ಕೆ.ಜಿ.

ಮೊದಲ ತಪ್ಪು ನನ್ನದೇ. ತೀರ್ಥಹಳ್ಳಿ ಕಡೆಯವನು, ಏರು ಇಳಿಜಾರಿನಲ್ಲೇ ಬೆಳೆದವನು, ಹಾಗಾದರೆ ಘಟ್ಟ ಹತ್ತುವವನೇ ಅಂತ ತೀರ್ಮಾನ ಮಾಡಿಬಿಟ್ಟೆ. ಮಲೆನಾಡಿನಲ್ಲಿ ಸೈಕಲ್ ಅಂದರೆ ಎಲ್ಲರ ಮನಸ್ಸಿಗೂ ಬರೋದು ಘಟ್ಟ ಅಲ್ವಾ? ಮಳೆ ನಿಂತ ಮೇಲೆ ಭಾನುವಾರ ಬಂತೆಂದರೆ ವ್ಯಾನಿನಲ್ಲಿ ಸೈಕಲ್ ಹೇರಿಕೊಂಡು ಸೋಮೇಶ್ವರಕ್ಕೆ ಇಳಿಯೋದು, ಅಲ್ಲಿಂದ ಆಗುಂಬೆಗೆ ಹತ್ತೋದು. 14 ಹೇರ್‌ಪಿನ್ ತಿರುವು. ಪ್ರತಿ ಸಲವೂ ಇವನು ಹಿಂದೆ. ಮೂರನೇ ತಿರುವಿನವರೆಗೆ ಎಲ್ಲರ ಜೊತೆ ಇರುತ್ತಿದ್ದ. ಆಮೇಲೆ 58 ಕೆ.ಜಿ.ಯ ಇನ್ನೊಬ್ಬ ಹುಡುಗ ಸಲೀಸಾಗಿ ಹೊರಟುಹೋಗುತ್ತಿದ್ದ. ಇವನು ಬೆವರು ಸುರಿಸುತ್ತಾ, ಹ್ಯಾಂಡಲ್ ಹಿಡಿದು ಎಳೆದಾಡುತ್ತಾ, ಮೇಲಿನ ಸೂರ್ಯಾಸ್ತದ ಜಾಗಕ್ಕೆ ಬರುವ ಹೊತ್ತಿಗೆ ಉಳಿದವರು ಬಾಳೆಹಣ್ಣು ತಿಂದು ಮುಗಿಸಿರುತ್ತಿದ್ದರು.

ನಾನು ಹೇಳಿದ್ದು ಒಂದೇ ಮಾತು: ತೂಕ ಇಳಿಸು. ಅವನು ನಂಬಿದ. ರಾತ್ರಿ ಅನ್ನ ಬಿಟ್ಟ. ಮೂರು ತಿಂಗಳಲ್ಲಿ 73ಕ್ಕೆ ಬಂದ. ಅಷ್ಟರಲ್ಲಿ ಎರಡು ಸಲ ಜ್ವರ, ಬಿಡದ ಕೆಮ್ಮು. ಘಟ್ಟದಲ್ಲಿ ಸಮಯವೇನೋ ಸ್ವಲ್ಪ ಸುಧಾರಿಸಿತು, ಆದರೆ ಕಾಲಿನ ಬಲ ಅದಕ್ಕಿಂತ ಜಾಸ್ತಿ ಕುಸಿದಿತ್ತು. ಆ ಮೂರು ತಿಂಗಳು ಈಗಲೂ ನನ್ನನ್ನು ಕಾಡುತ್ತೆ. ಬೆಳೆಯುವ ವಯಸ್ಸಿನ ಹುಡುಗನಿಗೆ ಊಟ ಬಿಡು ಅನ್ನುವ ಮೊದಲು, ಅವನ ಮೈ ಯಾವ ಕೆಲಸಕ್ಕೆ ಆಗಿಬಂದದ್ದು ಅಂತ ನೋಡಬೇಕಿತ್ತು. ನಾನು ನೋಡಿರಲಿಲ್ಲ.

ಕಣ್ಣು ತೆರೆಸಿದ್ದು ಹೊನ್ನಾಳಿ ರಸ್ತೆ. ಶಿವಮೊಗ್ಗದಿಂದ ಹೊಳಲೂರು ದಾಟಿ ಹೊನ್ನಾಳಿ ಕಡೆ ಹೋದರೆ ಮಲೆನಾಡು ಮುಗಿದು ಗದ್ದೆ ಬಯಲು ಶುರುವಾಗುತ್ತೆ. ಅವನು ಮತ್ತೆ ಸರಿಯಾಗಿ ಊಟ ಮಾಡಲು ಶುರುಮಾಡಿ ತಿಂಗಳಾಗಿತ್ತು. ಒಂದು ಬೆಳಿಗ್ಗೆ ಎಲ್ಲರೂ ಸಾಲಾಗಿ ಹೊರಟೆವು. ಎದುರುಗಾಳಿ ಜೋರಾಗಿತ್ತು. ಇಂಥ ಗಾಳಿಯಲ್ಲಿ ಮುಂದಿನವನು ಹಿಂದಿನವರಿಗೆ ಗಾಳಿ ತಡೆಯುತ್ತಾ ಒಂದೆರಡು ನಿಮಿಷ ಎಳೆದು ಹಿಂದೆ ಸರಿಯೋದು ವಾಡಿಕೆ. ಇವನು ಮುಂದೆ ಹೋದವನು ಸರಿಯಲೇ ಇಲ್ಲ. ಹಿಂದಿನವರ ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಆ 58 ಕೆ.ಜಿ. ಹುಡುಗ, ಆಗುಂಬೆಯಲ್ಲಿ ಎಲ್ಲರಿಗೂ ಮೊದಲಿಗ, "ನಿಧಾನ ಹೇಳಿ ಸರ್ ಅವನಿಗೆ" ಅಂತ ಕೂಗಿದ. ಸೈಕಲ್ ಕಂಪ್ಯೂಟರ್ ನೋಡಿದೆ. 12 ಕಿ.ಮೀ. ಆಗಿತ್ತು. ಪಕ್ಕಕ್ಕೆ ಹೋಗಿ ಮುಖ ನೋಡಿದರೆ ಅವನು ಬಾಯಿ ಮುಚ್ಚಿಕೊಂಡೇ ಉಸಿರಾಡುತ್ತಿದ್ದ.

ಅವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಬೆಂಗಳೂರಿನ ಗೆಳೆಯರೊಬ್ಬರ ಸ್ಮಾರ್ಟ್ ಟ್ರೈನರ್ (ಸೈಕಲ್ ಕಟ್ಟಿ ನಿಂತಲ್ಲೇ ತುಳಿದು ಕಾಲಿನ ಬಲವನ್ನು ವಾಟ್‌ನಲ್ಲಿ ಅಳೆಯುವ ಯಂತ್ರ) ಮೇಲೆ ಇಬ್ಬರು ಹುಡುಗರಿಗೂ ಮೊದಲೇ ಪರೀಕ್ಷೆ ಮಾಡಿಸಿದ್ದೆ. ಸುಮಾರು ಒಂದು ಗಂಟೆ ಹಿಡಿಯಬಹುದಾದ ಬಲ ದೊಡ್ಡವನಿಗೆ 320 ವಾಟ್, ಚಿಕ್ಕವನಿಗೆ 270. ಏರಿನಲ್ಲಿ ಲೆಕ್ಕಕ್ಕೆ ಬರೋದು ಒಂದು ಕೆ.ಜಿ. ತೂಕಕ್ಕೆ ಎಷ್ಟು ವಾಟ್ ಅನ್ನೋದು. ಚಿಕ್ಕವನಿಗೆ 4.65, ದೊಡ್ಡವನಿಗೆ 4.1. ಹಾಗಾಗಿ ಘಟ್ಟದಲ್ಲಿ ಇವನು ಸೋಲಲೇಬೇಕು, ಎಷ್ಟು ಹಟ ಮಾಡಿದರೂ ಅಷ್ಟೇ. ಆದರೆ ಸಮತಟ್ಟಾದ ರಸ್ತೆಯಲ್ಲಿ 45 ಕಿ.ಮೀ. ವೇಗದಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕೂ ಜಾಸ್ತಿ ಶಕ್ತಿ ಗಾಳಿ ಸೀಳುವುದಕ್ಕೇ ಹೋಗುತ್ತೆ. ಅಲ್ಲಿ ತೂಕದ ಪಾತ್ರ ತೀರಾ ಕಡಿಮೆ. ದೊಡ್ಡ ಮೈಯವನು ಗಾಳಿಗೆ ಸ್ವಲ್ಪ ಜಾಸ್ತಿ ಒಡ್ಡಿಕೊಳ್ಳುತ್ತಾನೆ ನಿಜ. ಆದರೆ ಅವನ ಬಲ ಅದಕ್ಕಿಂತ ಜಾಸ್ತಿ ಇರುತ್ತೆ.

ಇದು ಹೊಸ ವಿಷಯವೇನೂ ಅಲ್ಲ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಟೈಮ್ ಟ್ರಯಲ್‌ನ ದೊಡ್ಡ ಹೆಸರುಗಳನ್ನು ನೋಡಿದರೆ ಸಾಕಿತ್ತು. 1991ರಿಂದ 1995ರವರೆಗೆ ಸತತ ಐದು ಸಲ ಟೂರ್ ಡಿ ಫ್ರಾನ್ಸ್ ಅನ್ನುವ ಮೂರು ವಾರದ ದೊಡ್ಡ ರೇಸ್ ಗೆದ್ದ ಸ್ಪೇನಿನ ಮಿಗೆಲ್ ಇಂದುರೈನ್ 1.88 ಮೀಟರ್ ಎತ್ತರದ ಆಳು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಟೈಮ್ ಟ್ರಯಲ್ ಚಿನ್ನ ಅವನದೇ. ಸ್ವಿಟ್ಜರ್ಲೆಂಡಿನ ಫೇಬಿಯನ್ ಕ್ಯಾನ್ಸೆಲಾರಾ ನಾಲ್ಕು ಸಲ ವಿಶ್ವ ಚಾಂಪಿಯನ್, 2008 ಮತ್ತು 2016ರಲ್ಲಿ ಒಲಿಂಪಿಕ್ ಚಿನ್ನ. ಇಟಲಿಯ ಫಿಲಿಪ್ಪೋ ಗಾನಾ 1.93 ಮೀಟರ್ ಎತ್ತರ. 2020 ಮತ್ತು 2021ರ ವಿಶ್ವ ಚಾಂಪಿಯನ್. 2022ರ ಅಕ್ಟೋಬರ್‌ನಲ್ಲಿ ಒಂದೇ ಗಂಟೆಯಲ್ಲಿ 56.792 ಕಿ.ಮೀ. ತುಳಿದು ದಾಖಲೆ ಮಾಡಿದ. ಎಲ್ಲರೂ ದೊಡ್ಡ ಮೈಯವರು. ಗೋಡೆಯ ಮೇಲೆ ಇವರ ಚಿತ್ರ ಅಂಟಿಸಿಕೊಂಡಿದ್ದ ನಾನೇ ಕಣ್ಣ ಮುಂದಿದ್ದ ಹುಡುಗನನ್ನು ಗುರುತಿಸಲಿಲ್ಲ.

ಟೈಮ್ ಟ್ರಯಲ್ ಗೊತ್ತಿಲ್ಲದವರಿಗೆ ಎರಡು ಮಾತು. ಇದರಲ್ಲಿ ಗುಂಪಿಲ್ಲ. ಒಬ್ಬೊಬ್ಬರನ್ನೇ ಒಂದು ಅಥವಾ ಎರಡು ನಿಮಿಷದ ಅಂತರದಲ್ಲಿ ಬಿಡುತ್ತಾರೆ. ಯಾರ ಬೆನ್ನಿಗೂ ಅಂಟಿಕೊಳ್ಳುವ ಹಾಗಿಲ್ಲ. ಯಾರಾದರೂ ನಿಮ್ಮನ್ನು ದಾಟಿದರೆ 25 ಮೀಟರ್ ಹಿಂದೆ ಉಳಿಯಬೇಕು. ಕಡಿಮೆ ಸಮಯ ಯಾರದೋ ಅವರು ಗೆದ್ದರು.

ಮೊದಲ ಸ್ಪರ್ಧೆಗೆ ನಾವು ಬರೀ ಎರಡು ತಿಂಗಳ ತಯಾರಿಯಲ್ಲಿ ಹೋದೆವು. ಮಾಮೂಲಿ ರೋಡ್ ಸೈಕಲ್‌ಗೆ ಏರೋ ಬಾರ್ ಸಿಕ್ಕಿಸಿದ್ದೆವು. ಏರೋ ಬಾರ್ ಅಂದರೆ ಮುಂದಕ್ಕೆ ಚಾಚಿದ ಎರಡು ಕೊಂಬು, ಮೊಣಕೈ ಊರಲು ಮೆತ್ತೆ. 1989ರ ಟೂರ್‌ನ ಕೊನೆಯ ದಿನ ಅಮೆರಿಕದ ಗ್ರೆಗ್ ಲೆಮಾಂಡ್ ಇಂಥದ್ದನ್ನು ಹಾಕಿಕೊಂಡು ವರ್ಸೈಯಿಂದ ಪ್ಯಾರಿಸ್‌ಗೆ 24.5 ಕಿ.ಮೀ. ಓಡಿದ. ಒಟ್ಟು ಸಮಯದಲ್ಲಿ 50 ಸೆಕೆಂಡ್ ಹಿಂದಿದ್ದವನು, ಮುಂದಿದ್ದ ಫ್ರಾನ್ಸಿನ ಲಾರೆಂಟ್ ಫಿನ್ಯೋನನ್ನು ಅವತ್ತು 58 ಸೆಕೆಂಡ್‌ಗಳಿಂದ ಸೋಲಿಸಿ, ಇಡೀ ಟೂರನ್ನು 8 ಸೆಕೆಂಡ್‌ನಲ್ಲಿ ಗೆದ್ದ. ಫಿನ್ಯೋನ್ ಅವತ್ತು ಏರೋ ಬಾರ್ ಇಲ್ಲದೆ, ಹೆಲ್ಮೆಟ್ ಇಲ್ಲದೆ, ಜುಟ್ಟು ಹಾರಿಸಿಕೊಂಡು ಓಡಿದ್ದ. ಈ ಕಥೆ ಹೇಳಿ ಹುಡುಗನನ್ನು ಹುರಿದುಂಬಿಸಿದ್ದೆ. ಆದರೆ ಸುಮ್ನೆ ಬಾರ್ ಸಿಕ್ಕಿಸಿದರೆ ಆಗಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಆ ಸ್ಪರ್ಧೆಯ ಹತ್ತತ್ತು ಕಿ.ಮೀ. ಸಮಯ ಹೀಗಿತ್ತು. ಮೊದಲ ಹತ್ತು 13:30. ಎರಡನೇದು 14:15. ಮೂರನೇದು 15:00. ಕೊನೆಯದು 15:25. ಅಂಕಿ ನೋಡಿದರೇ ಗೊತ್ತಾಗುತ್ತೆ, ಹುಡುಗ ಮೊದಲರ್ಧದಲ್ಲೇ ಎಲ್ಲ ಖರ್ಚು ಮಾಡಿಕೊಂಡಿದ್ದ. 31ನೇ ಕಿ.ಮೀ. ಹತ್ತಿರ ಹಿಂದಿನಿಂದ ಬಂದವನೊಬ್ಬ ಇವನನ್ನು ದಾಟಿದ. ಅಭ್ಯಾಸಬಲದಿಂದ ಇವನು ಅವನ ಬೆನ್ನಿಗೆ ಸೇರಿಕೊಂಡ. ಬೈಕಿನಲ್ಲಿದ್ದ ತೀರ್ಪುಗಾರರು ಸೀಟಿ ಊದಿದರು. ಹಿಂದೆ ಸರಿಯಬೇಕಾಯಿತು. ಮುಗಿಸಿ ಬಂದವನು ರಸ್ತೆ ಬದಿ ಕೂತು, "ಕೊನೇಲಿ ತಲೆ ಎತ್ತಿಬಿಟ್ಟೆ ಸರ್, ಕತ್ತು ನಿಲ್ತಾ ಇರ್ಲಿಲ್ಲ" ಅಂದ.

ನನಗೆ ಬೇಕಾದ ಸುಳಿವು ಆ ಮಾತಿನಲ್ಲೇ ಇತ್ತು. ಕಾಲು ಸೋತಿದೆ ಅಂತ ಅವನು ಹೇಳಲಿಲ್ಲ. ಕತ್ತು ಅಂದ.

ಜೂನ್ ಬಂತು. ತೀರ್ಥಹಳ್ಳಿ, ಆಗುಂಬೆ ಕಡೆ ಮಳೆ ಹಿಡಿದರೆ ನಾಲ್ಕು ತಿಂಗಳು ರೇಸ್ ಸೈಕಲ್ ಹೊರಗೆ ತೆಗೆಯೋ ಹಾಗಿಲ್ಲ. ರಸ್ತೆ ಮೇಲೆ ಪಾಚಿ, ಮುರಿದುಬಿದ್ದ ಕೊಂಬೆ. ಬೇರೆ ಊರಿನ ಸವಾರರಿಗೆ ಇಲ್ಲದ ಕಷ್ಟ ಇದು. ಹುಡುಗನ ಪರೀಕ್ಷೆ ಮುಗಿದು ಊರಿಗೆ ಹೋಗಿದ್ದ. ಟ್ರೈನರ್ ಅನ್ನು ಅವನ ಮನೆಯ ಅಡಿಕೆ ಶೆಡ್‌ನಲ್ಲಿ ಇಟ್ಟೆವು. ಕೊಯ್ಲು ಶುರುವಾಗುವವರೆಗೆ ಶೆಡ್ ಖಾಲಿ ಇರುತ್ತೆ. ಒಂದು ಮೂಲೆಯಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿನ ಡ್ರಮ್ಮು. ನೆಲದ ಮೇಲೆಲ್ಲ ಮೈಲುತುತ್ತದ ನೀಲಿ ಕಲೆ. ಅದರ ಪಕ್ಕದಲ್ಲಿ ಸೈಕಲ್. ಕರೆಂಟ್ ಹೋದಾಗ ಟ್ರೈನರ್ ಬಿಟ್ಟು ಹಳೆಯ ಕಬ್ಬಿಣದ ರೋಲರ್ (ಚಕ್ರದ ಕೆಳಗೆ ತಿರುಗುವ ಉರುಳೆಗಳ ಚೌಕಟ್ಟು) ಹತ್ತುತ್ತಿದ್ದ. ಮಳೆಗಾಲದಲ್ಲಿ ಕರೆಂಟ್ ಹೋಗೋದು ಮಾಮೂಲು, ಹಾಗಾಗಿ ರೋಲರ್ ಮೇಲೇ ಜಾಸ್ತಿ ಇದ್ದ ಅಂತ ಹೇಳಬೇಕು. ರೋಲರ್‌ನಲ್ಲಿ ಸೈಕಲ್ ಕಟ್ಟಿಹಾಕಿರಲ್ಲ. ಸ್ವಲ್ಪ ಅಲುಗಾಡಿದರೂ ಪಕ್ಕಕ್ಕೆ ಜಾರುತ್ತೆ. ಏರೋ ಬಾರ್ ಮೇಲೆ ಮೈ ನಿಲ್ಲಿಸಲು ಅದಕ್ಕಿಂತ ಒಳ್ಳೆ ಮೇಷ್ಟ್ರು ಸಿಗಲ್ಲ.

ನಾನು ಪ್ರತಿ ಭಾನುವಾರ ಹೋಗುತ್ತಿದ್ದೆ. ಮಂಡಗದ್ದೆ ದಾಟಿ ತುಂಗೆಯ ಪಕ್ಕದಲ್ಲೇ ದಾರಿ, ಕೆಂಪು ನೀರು ರಸ್ತೆಯ ಎತ್ತರಕ್ಕೇ ಬಂದ ಹಾಗೆ ಕಾಣುತ್ತಿತ್ತು. ಶೆಡ್‌ನಲ್ಲಿ ಮೊಬೈಲ್ ಅನ್ನು ಕಂಬಕ್ಕೆ ಕಟ್ಟಿ ಬದಿಯಿಂದ ಒಂದು, ಎದುರಿನಿಂದ ಒಂದು ವಿಡಿಯೋ ತೆಗೆಯುತ್ತಿದ್ದೆ. ಎದುರಿನ ವಿಡಿಯೋ ನೋಡಿದಾಗ ಬೇಜಾರಾಯಿತು. ಮೊಣಕೈ ಎರಡೂ ಅಗಲ. ಎದೆ ತೆರೆದ ಬಾಗಿಲಿನ ಹಾಗೆ. ತಲೆ ಮೇಲಕ್ಕೆ. ಅಷ್ಟು ಗಾಳಿಯನ್ನು ಅವನು ಎದೆಗೆ ತುಂಬಿಕೊಂಡು ಓಡಿದ್ದ.

ಮೊದಲು ಮೊಣಕೈ ಮೆತ್ತೆಗಳನ್ನು ಹತ್ತಿರ ತಂದೆವು. ಆಮೇಲೆ ಭುಜ. "ಚಳಿಯಲ್ಲಿ ಕಂಬಳಿಕೊಪ್ಪೆ ಒಳಗೆ ಮುದುಡ್ಕೊಳ್ತೀಯಲ್ಲ, ಹಾಗೆ ಭುಜ ಕಿವಿ ಹತ್ತಿರ ತಗೊಂಡು ಬಾ" ಅಂದೆ. ತಕ್ಷಣ ಅರ್ಥವಾಯಿತು. ತಲೆ ಭುಜಗಳ ನಡುವೆ ಇಳಿಯಿತು. ಆದರೆ ಮೂರು ನಿಮಿಷಕ್ಕೆ ಕತ್ತು ನಡುಗಿ ತಲೆ ಮೇಲೆ ಬಂತು. ಅವತ್ತಿನಿಂದ ಲೆಕ್ಕ ಅಲ್ಲಿಂದಲೇ ಶುರು: ತಲೆ ಎತ್ತದೆ ಎಷ್ಟು ನಿಮಿಷ? ಮೂರು, ಐದು, ಎಂಟು. ಬೆವರು ಮೂಗಿನ ತುದಿಯಿಂದ ಮುಂದಿನ ಚಕ್ರದ ಮೇಲೆ ಬಿದ್ದು ಸಿಡಿಯುತ್ತಿತ್ತು. ಹೊರಗೆ ಶೀಟಿನ ಮೇಲೆ ಮಳೆ ಎಷ್ಟು ಜೋರೆಂದರೆ ನನ್ನ ಮಾತು ಅವನಿಗೆ ಕೇಳುತ್ತಿರಲಿಲ್ಲ. ಬೆರಳು ತೋರಿಸಿ ನಿಮಿಷ ಹೇಳುತ್ತಿದ್ದೆ.

ವಾರದ ಉಳಿದ ದಿನ ಆ ಕೆಲಸ ಅವನ ಅಪ್ಪಯ್ಯನದು. ಇದನ್ನು ನಾನು ಕೇಳಿಕೊಂಡಿದ್ದಲ್ಲ. ಮದ್ದು ಹೊಡೆಸಿ ಬಂದು ಕೈ ತೊಳೆದು ಅವರೇ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರಂತೆ. ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ತಾರೀಕು, ನಿಮಿಷ, ಎಷ್ಟು ಸಲ ತಲೆ ಎತ್ತಿದ, ಎಲ್ಲ ಬರೆದಿಟ್ಟಿದ್ದರು. ನಾನು ಇಷ್ಟು ಅಚ್ಚುಕಟ್ಟಾಗಿ ಯಾವ ಹುಡುಗನ ದಾಖಲೆಯನ್ನೂ ಇಟ್ಟಿಲ್ಲ.

ಮತ್ತೆ ಒಂದು ಕಡೆ ಎಡವಿದೆವು. ಕೆಳಗೆ ಹೋದಷ್ಟೂ ವೇಗ ಅಂದುಕೊಂಡು ಮೆತ್ತೆಗಳನ್ನು ತೀರಾ ಇಳಿಸಿದೆವು. ಟ್ರೈನರ್ 320 ವಾಟ್ ಬದಲು 300 ತೋರಿಸಿತು. ಮೈ ತೀರಾ ಮಡಚಿದಾಗ ತೊಡೆ ಹೊಟ್ಟೆಗೆ ತಾಗುತ್ತೆ, ಉಸಿರು ಕಟ್ಟುತ್ತೆ, ಸೊಂಟ ತೆರೆಯಲ್ಲ. ಈಗ ಯಾವುದು ಲಾಭ? ಸವಾರ ಗಾಳಿಗೆ ಒಡ್ಡುವ ಮೈಯನ್ನು ಅಳೆಯುವ ಒಂದು ಅಂಕಿ ಇದೆ, ಸಿಡಿಎ ಅಂತಾರೆ. ಅದು 0.30 ಇದ್ದರೆ 320 ವಾಟ್‌ನಲ್ಲಿ ವೇಗ ಗಂಟೆಗೆ 42.4 ಕಿ.ಮೀ. ಬರುತ್ತೆ. 0.25ಕ್ಕೆ ಇಳಿಸಿದರೆ ಅದೇ 320ಕ್ಕೆ ಸುಮಾರು 45. ಇಪ್ಪತ್ತು ವಾಟ್ ಕಳೆದುಕೊಂಡು 300ರಲ್ಲಿ ತುಳಿದರೂ 43.8. ಇದು ನಮ್ಮ ಸೂತ್ರದ ಲೆಕ್ಕ, ಗಾಳಿ ಸುರಂಗದಲ್ಲಿ ಅಳೆದದ್ದಲ್ಲ. ಆದರೂ ದಾರಿ ತೋರಿಸಲು ಸಾಕು. ಬಲ ಸ್ವಲ್ಪ ಹೋದರೂ ಭಂಗಿ ಗೆಲ್ಲುತ್ತೆ, ಆದರೆ ಎರಡೂ ಉಳಿಸಿಕೊಳ್ಳುವ ಜಾಗ ಒಂದು ಇದ್ದೇ ಇರುತ್ತೆ. ಮೆತ್ತೆಗಳನ್ನು 2 ಸೆಂ.ಮೀ. ಮೇಲೆತ್ತಿದೆವು, ಸೀಟನ್ನು ಮುಂದಕ್ಕೆ ತಳ್ಳಿದೆವು. ಕಳೆದುಹೋದ ವಾಟ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಾಪಸ್ ಬಂತು.

ಮಳೆ ಬಿಟ್ಟ ಮೇಲೆ ಇದನ್ನು ರಸ್ತೆಯಲ್ಲಿ ಪರೀಕ್ಷೆ ಮಾಡಬೇಕಿತ್ತು. ಇಲ್ಲಿ ಮಲೆನಾಡೇ ಸಹಾಯಕ್ಕೆ ಬಂತು. ತೀರ್ಥಹಳ್ಳಿ ರಸ್ತೆಯಲ್ಲಿ ಒಂದು ನೇರವಾದ ಸಣ್ಣ ಇಳಿಜಾರು ಹುಡುಕಿದೆವು. ಗಾಳಿ ಇಲ್ಲದ ಮುಂಜಾನೆ, ಮೇಲಿನ ಒಂದು ಕಿ.ಮೀ. ಕಲ್ಲಿನ ಹತ್ತಿರ ನಿಂತು, ಪೆಡಲ್ ತುಳಿಯದೆ ಬಿಟ್ಟುಕೊಂಡು ಇಳಿಯೋದು. ಕೆಳಗಿನ ಮೋರಿ ಹತ್ತಿರ ಎಷ್ಟು ವೇಗ ಇದೆ ಅಂತ ಬರೆದುಕೊಳ್ಳೋದು. ಹಳೆ ಭಂಗಿ ಐದು ಸಲ, ಹೊಸ ಭಂಗಿ ಐದು ಸಲ. ಹೊಸದರಲ್ಲಿ ಐದಕ್ಕೆ ಐದೂ ಸಲ ಜಾಸ್ತಿ ವೇಗ. ತಲೆ ಎತ್ತಿ ಒಂದು ಸಲ ಇಳಿಸಿದೆ. ಲಾಭದಲ್ಲಿ ದೊಡ್ಡ ಪಾಲು ಹೊರಟೇಹೋಯಿತು. ಅದನ್ನು ನೋಡಿದ ಮೇಲೆ ಹುಡುಗನಿಗೆ ತಲೆ ಇಳಿಸು ಅಂತ ನಾನು ಮತ್ತೆ ಹೇಳಬೇಕಾಗಲಿಲ್ಲ.

ಇನ್ನು ಉಳಿದದ್ದು ತಾಳ್ಮೆ. ಮೊದಲ ಐದು ನಿಮಿಷ ಯಾವ ವೇಗವೂ ಕಷ್ಟ ಅನ್ನಿಸಲ್ಲ. ಕಾಲು ಹೊಸದಾಗಿರುತ್ತೆ, ಎದೆ ಹೊಡ್ಕೊಳ್ತಿರುತ್ತೆ, ಜನ ಕೂಗ್ತಿರ್ತಾರೆ. ಆಗ ತಡೆದುಕೊಳ್ಳೋದು ಕಲಿಸಿಯೇ ಬರಬೇಕು. ಹೊನ್ನಾಳಿ ರಸ್ತೆಯಲ್ಲಿ ಬೆಳಿಗ್ಗೆ ಐದೂವರೆಗೆ ಹೊರಟು ಹತ್ತು ಕಿ.ಮೀ.ಯ ಎರಡು ಓಟ. ಎರಡನೇದು ಮೊದಲನೇದಕ್ಕಿಂತ ಒಂದು ಸೆಕೆಂಡಾದರೂ ಬೇಗ ಆಗಬೇಕು, ಇಲ್ಲದಿದ್ದರೆ ಆ ದಿನದ ಅಭ್ಯಾಸ ಲೆಕ್ಕಕ್ಕಿಲ್ಲ. ಎದುರುಗಾಳಿ ಇದ್ದಾಗ ಸ್ವಲ್ಪ ಜಾಸ್ತಿ ತುಳಿ, ಬೆನ್ನುಗಾಳಿಯಲ್ಲಿ ಸ್ವಲ್ಪ ಉಳಿಸು ಅಂತಲೂ ಹೇಳಿದ್ದೆ. ನಿಧಾನವಾಗುವ ಜಾಗದಲ್ಲೇ ಹೊತ್ತು ಜಾಸ್ತಿ ಕಳೆಯೋದು, ಹಾಗಾಗಿ ಶಕ್ತಿ ಹಾಕಬೇಕಾದ್ದೂ ಅಲ್ಲೇ. ಕೊಯ್ಲಿನ ಕಾಲದಲ್ಲಿ ಮೆಕ್ಕೆಜೋಳವನ್ನು ರಸ್ತೆಗೇ ಹರಡುತ್ತಾರೆ, ಅರ್ಧ ದಾರಿ ಅವರದು. ಒಂದು ತಿಂಗಳು ಬೇರೆ ರಸ್ತೆ ಹಿಡಿದೆವು.

ಈ ನಡುವೆ ಅಪ್ಪಯ್ಯ ಒಂದು ಸಂಜೆ ಕೇಳಿಯೇ ಬಿಟ್ಟರು. "ಎಂತ ಮೇಷ್ಟ್ರೇ, ಇದ್ರಲ್ಲಿ ಹೊಟ್ಟೆ ತುಂಬ್ತದಾ? ತೋಟಕ್ಕೆ ಇವ ಒಬ್ನೇ ಮಾರಾಯ್ರೆ."

ನಾನು ಸುಳ್ಳು ಆಸೆ ಹುಟ್ಟಿಸಲಿಲ್ಲ. ಯುರೋಪಿನಲ್ಲೇ ಬರೀ ಟೈಮ್ ಟ್ರಯಲ್ ನಂಬಿ ಯಾರೂ ಬದುಕಲ್ಲ. ಮೂರು ವಾರದ ದೊಡ್ಡ ರೇಸಿನಲ್ಲಿ ಒಬ್ಬಂಟಿ ಟೈಮ್ ಟ್ರಯಲ್ ಸಾಮಾನ್ಯವಾಗಿ ಒಂದೆರಡು ದಿನ. ಉಳಿದ ದಿನಗಳಲ್ಲಿ ಈ ದೊಡ್ಡ ಎಂಜಿನ್‌ನವರ ಕೆಲಸ ತಂಡದ ನಾಯಕನಿಗಾಗಿ ಗಾಳಿಗೆ ಎದೆ ಕೊಡೋದು. ಜರ್ಮನಿಯ ಟೋನಿ ಮಾರ್ಟಿನ್ ನಾಲ್ಕು ಸಲ ಟೈಮ್ ಟ್ರಯಲ್ ವಿಶ್ವ ಚಾಂಪಿಯನ್: 2011, 2012, 2013, 2016. ಅಂಥವನೂ ಕೊನೆಯ ವರ್ಷಗಳಲ್ಲಿ ಗುಂಪಿನ ಮುಂದೆ ನಿಂತು ಗಂಟೆಗಟ್ಟಲೆ ಎಳೆಯುವ ಕೆಲಸ ಮಾಡಿದ. 2021ರ ಟೂರ್‌ನ ಮೊದಲ ದಿನ ಅವನು ಗುಂಪಿನ ಮುಂಭಾಗದಲ್ಲೇ ಇದ್ದ. ರಸ್ತೆಗೆ ಬೋರ್ಡ್ ಚಾಚಿದ್ದ ಪ್ರೇಕ್ಷಕರೊಬ್ಬರಿಗೆ ತಗುಲಿ ಬಿದ್ದ, ಅವನ ಹಿಂದೆ ಸಾಲುಸಾಲಾಗಿ ಜನ ಬಿದ್ದರು. ಅದೇ ವರ್ಷ ನಿವೃತ್ತಿಯಾದ.

ನಮ್ಮಲ್ಲಿ ದಾರಿ ಬೇರೆ. ಸರ್ವಿಸಸ್ (ಸೇನೆಯ ತಂಡ), ರೈಲ್ವೆ ತಂಡಗಳಿಗೆ ಸೇರಿದರೆ ಸಂಬಳ ಇದೆ, ಅಭ್ಯಾಸಕ್ಕೆ ಸಮಯ ಇದೆ. ಕರ್ನಾಟಕದಲ್ಲಿ ಸೈಕ್ಲಿಂಗ್ ಅಂದರೆ ವಿಜಯಪುರ, ಬಾಗಲಕೋಟೆ. ಅಲ್ಲಿನ ಹುಡುಗರಿಗೆ ನೇರ ರಸ್ತೆ ಮನೆ ಬಾಗಿಲಲ್ಲೇ ಸಿಗುತ್ತೆ, ಜೊತೆಗೆ ಓಡುವವರೂ ಸಿಗುತ್ತಾರೆ. ಬೆಂಗಳೂರಿನ ನವೀನ್ ಜಾನ್ ರಾಷ್ಟ್ರೀಯ ಟೈಮ್ ಟ್ರಯಲ್ ಚಾಂಪಿಯನ್ ಆಗಿ ಈ ಓಟಕ್ಕೆ ನಮ್ಮ ಕಡೆಯೂ ಒಂದು ಹೆಸರು ತಂದರು. ವೆಲೋಡ್ರೋಮ್, ಅಂದರೆ ಸೈಕಲ್ ರೇಸಿನ ಟ್ರ್ಯಾಕ್, ಇನ್ನೊಂದು ಬಾಗಿಲು. ಗಾನಾ ಟ್ರ್ಯಾಕ್‌ನ 4 ಕಿ.ಮೀ. ಪರ್ಸೂಟ್ ಅನ್ನುವ ಒಬ್ಬಂಟಿ ಓಟದಲ್ಲೂ ವಿಶ್ವ ಚಾಂಪಿಯನ್, ಯಾಕೆಂದರೆ ಅದಕ್ಕೂ ಇಂಥದ್ದೇ ಮೈ ಬೇಕು. ಇದೆಲ್ಲ ಹೇಳಿ, "ಎರಡು ವರ್ಷ ಕೊಡಿ, ಆಗದಿದ್ದರೆ ತೋಟ ಎಲ್ಲೂ ಹೋಗಲ್ಲ" ಅಂದೆ. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾ ಕೂತರು.

ಎರಡನೇ ಸ್ಪರ್ಧೆ. ತೂಕ 77. ಬೆಳಿಗ್ಗೆ ಅನ್ನ ಮಜ್ಜಿಗೆ, ಹೊರಡುವ ಮುಂಚೆ ಎರಡು ಪುಟ್ಟಬಾಳೆ, ಒಂದು ತುಂಡು ಬೆಲ್ಲ. ಗಾಳಿ ಇರಲಿಲ್ಲ. ಮೊದಲ ಹತ್ತು ಕಿ.ಮೀ. 14:00. ಹಿಂದಿನ ವರ್ಷಕ್ಕಿಂತ ಅರ್ಧ ನಿಮಿಷ ನಿಧಾನ. ಪಕ್ಕದಲ್ಲಿ ನಿಂತಿದ್ದ ಅವನ ಸೋದರಮಾವ "ಹೋಯ್ತು" ಅಂತ ತಲೆ ಮೇಲೆ ಕೈ ಇಟ್ಟುಕೊಂಡರು. ಎರಡನೇ ಹತ್ತು 13:50. 22ನೇ ಕಿ.ಮೀ.ನಲ್ಲಿ ಒಂದು ನಿಮಿಷ ಮುಂಚೆ ಹೊರಟವನನ್ನು ದಾಟಿದ. ತಲೆ ತಿರುಗಿಸಿ ಕೂಡ ನೋಡಲಿಲ್ಲ. ಮೂರನೇದು 13:55. ಕೊನೆಯದು 13:40. ಒಟ್ಟು 55:25, ಐದನೇ ಸ್ಥಾನ. ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ ಎರಡು ನಿಮಿಷ ಭಂಗಿಯಿಂದ ಬಂದದ್ದು, ಉಳಿದದ್ದು ಮೊದಲ ಹತ್ತು ಕಿ.ಮೀ.ನಲ್ಲಿ ತಡೆದುಕೊಂಡಿದ್ದರಿಂದ. ಮುಂದಿನ ನಾಲ್ಕೂ ಜನ ಇವನಿಗಿಂತ ವರ್ಷಗಟ್ಟಲೆ ಅನುಭವ ಇದ್ದವರು.

ಫಲಿತಾಂಶ ಬಂದ ಕೂಡಲೇ ಹುಡುಗ ಮನೆಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ. ಹಿಂದಿನ ವರ್ಷ ಇದೇ ಫೋನಿನಲ್ಲಿ ಅಪ್ಪಯ್ಯ ಮೊದಲು ಕೇಳಿದ್ದು "ಎಷ್ಟನೇದು ಬಂದೆ?" ಅಂತ. ಈ ಸಲ ಆ ಕಡೆಯಿಂದ ಹಾಳೆ ತಿರುಗಿಸುವ ಸದ್ದು ಕೇಳಿತು. ಆಮೇಲೆ ಕೇಳಿದರು:

"ಕೊನೇ ಹತ್ತು ಎಷ್ಟಾಯ್ತಾ?"